ತಾಳ ಮರಳಿತೆಂದು ನಂಬಿಸಿದ ಮರಿಗಳು

ಕರುಳಿನ ತಾಳ ಮರಳಿ ಬರಲಿಲ್ಲ. ಇಂಜೆಕ್ಷನ್ ಹಾಕಿಸಿಕೊಂಡ ಇಲಿಮರಿಗಳು ಸತ್ತವು. ಅವುಗಳ ಜಾಗದಲ್ಲಿ ನಾನು ಬೇರೆ ಮರಿಗಳನ್ನು ಇಟ್ಟೆ. ನಡೆದದ್ದು ಇಷ್ಟೇ. ಆಮೇಲೆ ಆಫೀಸಿನ ಕಾಗದದಲ್ಲಿ ಇದನ್ನು ‘ಮಾಹಿತಿ ವಿನಿಮಯದ ಕೊರತೆ’ ಅಂತ ಬರೆದರು. ಕೊರತೆ ಗಿರತೆ ಏನೂ ಇಲ್ಲ. ಮಾಡಿದವಳು ನಾನು, ಮಾಡಿದ್ದನ್ನು ಬಾಯಿಬಿಟ್ಟು ಹೇಳದವಳೂ ನಾನೇ.

ನನ್ನ ಹೆಸರು ಮುನಿರತ್ನಮ್ಮ. ಶಂಕರಪುರಂ ಕಡೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪ್ರಯೋಗಕ್ಕೆ ಇಲಿ ಸಾಕುವ ಮನೆ ಇದೆ. ಎಲ್ಲರೂ ಅದನ್ನು ಆನಿಮಲ್ ಹೌಸ್ ಅನ್ನುತ್ತಾರೆ. ಅಲ್ಲಿ ಇಪ್ಪತ್ತಾರು ವರ್ಷ ದುಡಿದು ಹೋದ ವರ್ಷ ಬಿಟ್ಟೆ. ಈಗ ಮೂರು ಮೊಮ್ಮಕ್ಕಳು. ಓದಿದ್ದು ಏಳನೇ ಕ್ಲಾಸಿನವರೆಗೆ. ಹೊಸದಾಗಿ ಸೇರಿರುವ ಹುಡುಗಿಯರಿಗೆ ಕೆಲಸದ ಬಗ್ಗೆ ಏನಾದರೂ ಬರೆದುಕೊಡಿ ಅಂತ ಕೇಳಿದರು. ‘ಪ್ರೀತಿಯಿಂದ ಕೆಲಸ ಮಾಡಿ’ ಅಂತ ಬರೆಯುತ್ತೇನೆ ಅಂದುಕೊಂಡಿರಬಹುದು. ಇಲಿಗೆ ನಿಮ್ಮ ಪ್ರೀತಿ ಬೇಕಿಲ್ಲ. ಅದಕ್ಕೆ ಮಲಗಲು ಒಣಗಿದ ಹೊಟ್ಟು, ನೀರು, ಸದ್ದಿಲ್ಲದ ಕೋಣೆ ಬೇಕು.

ನಾನು ಅಲ್ಲಿಗೆ ಸೇರಿದ್ದು ಸೊಪ್ಪಿನಿಂದ. ನಮ್ಮ ಅತ್ತೆ ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುತ್ತಿದ್ದರು, ನಾನು ಜೊತೆಗೆ ಕೂರುತ್ತಿದ್ದೆ. ಆಗ ಸಂಸ್ಥೆಯಲ್ಲಿ ಮೊಲಗಳೂ ಇದ್ದವು. ಅವಕ್ಕೆ ಸೊಪ್ಪು, ಕ್ಯಾರೆಟ್ ಕೊಳ್ಳಲು ಆನಿಮಲ್ ಹೌಸಿನ ರಂಗಪ್ಪನವರು ಬರುತ್ತಿದ್ದರು. ಒಂದು ದಿನ ನಾನು ಕೊಳೆತ ಎಲೆಯನ್ನು ಆರಿಸಿ ಪಕ್ಕಕ್ಕೆ ಹಾಕುತ್ತಿದ್ದುದನ್ನು ನೋಡಿ, “ಏನಮ್ಮ, ಮೊಲಕ್ಕಾದ್ರೆ ಕೊಳೆತಿದ್ದು ನಡೆಯುತ್ತೆ ಅಂತ ಎಲ್ರೂ ಕೊಡ್ತಾರೆ, ನೀನ್ಯಾಕೆ ಆರಿಸ್ತೀಯಾ?” ಅಂದರು.

“ಮೊಲಕ್ಕೆ ಹೊಟ್ಟೆ ಇಲ್ವಾ ಸಾಮಿ?” ಅಂದೆ.

ಮರುವಾರ ಕೆಲಸಕ್ಕೆ ಕರೆದರು. ಅತ್ತೆಗೆ ಸಿಟ್ಟು ಬಂತು. “ಸೊಪ್ಪು ಬಿಟ್ಟು ಇಲಿ ಸಾಕೋಕೆ ಹೋಗ್ತಾಳಂತೆ. ನಮ್ಮನೇಲಿ ಇಲಿ ಹಿಡಿಯೋಕೆ ಬೋನು ಇಡ್ತೀವಿ, ಇವಳು ಅನ್ನ ಹಾಕ್ತಾಳೆ,” ಅಂತ ಬೀದಿಗೆಲ್ಲಾ ಹೇಳಿದರು.

ರಂಗಪ್ಪನವರು ಕೆಲಸ ಗೊತ್ತಿದ್ದ ಮನುಷ್ಯ. ಹುಟ್ಟಿದ ಮರಿಗೆ ಕೂದಲೇ ಇರುವುದಿಲ್ಲ, ಬರೀ ಕೆಂಪು. ಚರ್ಮ ಎಷ್ಟು ತೆಳ್ಳಗಿರುತ್ತದೆ ಅಂದರೆ ಕುಡಿದ ಹಾಲು ಹೊಟ್ಟೆಯಲ್ಲಿ ಬಿಳಿ ಮಚ್ಚೆಯಾಗಿ ಕಾಣುತ್ತದೆ. ಬೆಳಿಗ್ಗೆ ಏಳಕ್ಕೆ ಹೋಗಿ ಮೊದಲು ನೋಡಬೇಕಾದದ್ದು ಅದನ್ನೇ. ಬಿಳಿ ಮಚ್ಚೆ ಇದ್ದರೆ ತಾಯಿ ಹಾಲು ಕೊಟ್ಟಿದ್ದಾಳೆ. ಇಲ್ಲದಿದ್ದರೆ ಆ ಮರಿ ಸಾಯಂಕಾಲದೊಳಗೆ ಹೋಗುತ್ತದೆ. ಇದನ್ನು ಯಾವ ಪುಸ್ತಕವೂ ಇಲ್ಲದೆ ಕಲಿಸಿದರು. ಒಂದು ಮರಿಯನ್ನು ಇನ್ನೊಂದು ತಾಯಿಯ ಹತ್ತಿರ ಬಿಡಬೇಕಾದರೆ, ಆ ತಾಯಿಯ ಕೇಜಿನ ಹೊಟ್ಟಿನಲ್ಲಿ ಮರಿಯನ್ನು ಹೊರಳಿಸಿ ವಾಸನೆ ಹಿಡಿಸಬೇಕು, ಆಮೇಲೆ ಅವಳ ಸ್ವಂತ ಮರಿಗಳ ಮಧ್ಯೆ ತೂರಿಸಬೇಕು ಅನ್ನುವುದನ್ನೂ ಅವರೇ ಕಲಿಸಿದ್ದು. ನನ್ನ ಕೈ ಅದರಲ್ಲಿ ಚೆನ್ನಾಗಿ ಪಳಗಿತು. ಬೇಡವಾಗಿತ್ತು.

ಮರಿ ಬದಲಿಸುವುದು ಶುರುವಾದದ್ದು ನನ್ನ ಸಾಂಬ್ರಾಣಿಯಿಂದ. ಸೇರಿದ ಮೊದಲ ವರ್ಷ ಆಯುಧಪೂಜೆ ಬಂತು. ಮೇಲಿನ ಮಹಡಿಗಳಲ್ಲಿ ಮಿಷನ್ನುಗಳಿಗೆಲ್ಲಾ ಕುಂಕುಮ ಹಚ್ಚಿ, ಬಾಗಿಲಲ್ಲಿ ಬೂದುಗುಂಬಳ ಒಡೆದರು. ನಮ್ಮ ಕೋಣೆಯಲ್ಲಿ ಮಿಷನ್ನು ಇಲ್ಲ, ಬಾಣಂತಿ ಇಲಿಗಳಿವೆ. ನಮ್ಮ ಮನೆಗಳಲ್ಲಿ ಮಗುವಿಗೆ ನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ ತೋರಿಸುವುದು ಪದ್ಧತಿ. ನಾನು ಕೆಂಡ ತಂದು ಆ ಕೋಣೆಗೆ ಚೆನ್ನಾಗಿ ಸಾಂಬ್ರಾಣಿ ಹಾಕಿದೆ. ಮಾರನೆಯ ದಿನ ನೋಡಿದರೆ ಗಾಬರಿಯಾದ ತಾಯಿಗಳು ಮರಿಗಳನ್ನು ತಿಂದುಹಾಕಿದ್ದವು. ಕೆಲವು ಕೇಜುಗಳಲ್ಲಿ ಅರ್ಧ, ಕೆಲವುಗಳಲ್ಲಿ ಒಂದೂ ಇಲ್ಲ.

“ಏನು ಮಾಡಿದ್ಯೇ ತಾಯಿ?” ಅಂತ ರಂಗಪ್ಪನವರು ತಲೆಮೇಲೆ ಕೈಹೊತ್ತು ಕೂತರು. “ಗುರುವಾರ ಕೇಜು ತಪಾಸಣೆ ಮಾಡೋ ಕಮಿಟಿ ಬರ್ತದೆ. ಕಾರ್ಡಲ್ಲಿ ಎಂಟು ಅಂತಿದೆ, ಕೇಜಲ್ಲಿ ಮೂರಿದೆ. ಮಿಕ್ಕಿದ್ದು ಎಲ್ಲಿ ಅಂದ್ರೆ ಏನನ್ನಲಿ? ಪೂಜೆಗೆ ಬಂದಿತ್ತು, ಪ್ರಸಾದ ಆಯ್ತು ಅನ್ಲಾ?”

ಪ್ರತಿ ಕೇಜಿಗೂ ಒಂದು ಕಾರ್ಡು ಸಿಕ್ಕಿಸಿರುತ್ತಾರೆ. ತಾಯಿ ಯಾವುದು, ಹೆತ್ತದ್ದು ಯಾವತ್ತು, ಮರಿ ಎಷ್ಟು, ಎಲ್ಲಾ ಅದರಲ್ಲಿ. ರಂಗಪ್ಪನವರು ಆವತ್ತು ಕಾರ್ಡು ತಿದ್ದಲಿಲ್ಲ. ಅಷ್ಟೇ ದಿನದ ಮರಿಗಳನ್ನು ಕಮಿಟಿಯವರು ನೋಡದ ಬೇರೆ ಕೇಜುಗಳಿಂದ ತಂದು, ಹೊಟ್ಟಿನಲ್ಲಿ ಹೊರಳಿಸಿ, ಕಮಿಟಿಯವರು ಎಣಿಸುವ ಕೇಜುಗಳಲ್ಲಿ ಸಂಖ್ಯೆ ತುಂಬಿಸಿದರು. ಗುರುವಾರ ಕಮಿಟಿಯವರು ಬಂದರು, ಎಣಿಸಿದರು, ಟೀ ಕುಡಿದು ಹೋದರು.

“ನೋಡಮ್ಮ, ಕಾರ್ಡು ಅಂದ್ರೆ ರೇಷನ್ ಕಾರ್ಡ್ ಇದ್ದಂಗೆ. ಅದ್ರಲ್ಲಿ ಎಂಟು ತಲೆ ಅಂತಿದ್ರೆ ಮನೇಲಿ ಎಂಟು ತಲೆ ಇರ್ಬೇಕು,” ಅಂದರು.

ಅದು ನಮ್ಮಲ್ಲಿ ಪದ್ಧತಿಯಾಗಿಹೋಯಿತು. ಮರಿ ಸತ್ತರೆ ಅದೇ ವಯಸ್ಸಿನ ಮರಿ ತಂದಿಡು. ಬರೀ ಸಂತಾನಕ್ಕೆ ಅಂತ ಸಾಕುವ ಕೇಜುಗಳಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಇಲಿ ಇಲಿಯೇ. ರಂಗಪ್ಪನವರು ಅಷ್ಟಕ್ಕೇ ನಿಲ್ಲಿಸಿದ್ದರು. ಪ್ರಯೋಗದ ಕೇಜಿನ ಮರಿ ಸತ್ತರೆ ಮೇಲೆ ಹೋಗಿ ಹೇಳಿ ಬೈಸಿಕೊಂಡು ಬರುತ್ತಿದ್ದರು. ಅವರು ರಿಟೈರ್ ಆದಮೇಲೆ ನಾನು ಒಬ್ಬಳೇ ಆದೆ. ಬೈಸಿಕೊಳ್ಳುವ ಕೆಲಸವೂ ನನ್ನ ತಲೆಗೇ ಬಂತು. ಮರಿ ಸತ್ತರೆ ಮೇಲಿನವರು ಮೊದಲು ಕೇಳುವುದು, “ನೀವು ಏನು ಮಾಡಿದ್ರಿ?” ಅಂತ. ನೀರಿನ ಬಾಟ್ಲಿ ಸೋರಿತಾ, ಹೊಟ್ಟು ಒದ್ದೆಯಾಗಿತ್ತಾ, ಮತ್ತೆ ಸಾಂಬ್ರಾಣಿ ಹಾಕಿದ್ರಾ. ಹತ್ತು ಸಲ ಕೇಳಿಸಿಕೊಂಡ ಮೇಲೆ ಹನ್ನೊಂದನೇ ಸಲ ನನಗೆ ಮೆಟ್ಟಿಲು ಹತ್ತಲು ಮನಸ್ಸಾಗಲಿಲ್ಲ. ಪಕ್ಕದ ಕೇಜಿನಿಂದ ಒಂದು ಮರಿ ತೆಗೆದು ಪ್ರಯೋಗದ ಕೇಜಿಗೇ ಇಟ್ಟೆ. ಸುಲಭವಾಗಿತ್ತು.

ನಡುವೆ ಬಂದುಹೋದ ಮೇಲಧಿಕಾರಿಗಳ ಬಗ್ಗೆ ಬರೆದರೆ ದೊಡ್ಡ ಪುಸ್ತಕವಾಗುತ್ತದೆ. ಒಬ್ಬರು ಆನಿಮಲ್ ಹೌಸಿಗೆ ಬಂದು, “ಇದೇನು ಇಷ್ಟು ಕತ್ತಲೆ, ಲೈಟ್ ಯಾವಾಗ್ಲೂ ಆನ್ ಇರ್ಲಿ,” ಅಂತ ಅಪ್ಪಣೆ ಕೊಟ್ಟರು. ಇಲಿಗೆ ಹನ್ನೆರಡು ತಾಸು ಬೆಳಕು, ಹನ್ನೆರಡು ತಾಸು ಕತ್ತಲೆ ಬೇಕು. ಬೆಳಕು ಆರದಿದ್ದ ಆ ತಿಂಗಳು ಇಲಿಗಳು ಮರಿ ಹಾಕುವುದೇ ನಿಂತಂತಾಯಿತು. “ಯಾಕೆ ಮರಿ ಆಗ್ತಿಲ್ಲ?” ಅಂತ ಅವರೇ ಮೆಮೋ ಕೊಟ್ಟರು. ಲೈಟು ಆರಿಸದಿದ್ದರೆ ಮನುಷ್ಯರಿಗೂ ಆಗಲ್ಲ ಸಾರ್ ಅಂತ ನಾನು ಹೇಳಿದ್ದು ಅವರಿಗೆ ಹಿಡಿಸಲಿಲ್ಲ.

ಕೆಲಸದ ರೀತಿ ಎಷ್ಟೋ ಬದಲಾಯಿತು. ಭತ್ತದ ಹೊಟ್ಟು ಹೋಗಿ ಜೋಳದ ದಿಂಡಿನ ಪುಡಿ ಬಂತು, ನಮ್ಮ ಬಾಯಲ್ಲಿ ಅದೂ ಹೊಟ್ಟೇ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹೋಗುತ್ತಿದ್ದವರು ಈಗ ತಲೆಯಿಂದ ಕಾಲಿನವರೆಗೆ ನೀಲಿ ಬಟ್ಟೆ ಹಾಕಿಕೊಂಡು ಹೋಗಬೇಕು. ಕಾರ್ಡಿಗೆ ಈಗ ಗೆರೆಗೆರೆಯ ಸ್ಟಿಕ್ಕರು ಅಂಟಿಸಿ ಸ್ಕ್ಯಾನ್ ಮಾಡುತ್ತಾರೆ. ಒಳ್ಳೆಯದೇ. ಆದರೆ ನೆನಪಿಡಿ, ಆ ಮಿಷನ್ನು ಕಾರ್ಡನ್ನು ಓದುತ್ತದೆ, ಮರಿಯನ್ನಲ್ಲ.

ಚೈತ್ರಾ ಬಂದದ್ದು ನಾನು ಬಿಡುವುದಕ್ಕೆ ಆರು ವರ್ಷ ಮುಂಚೆ. ಬಸವನಗುಡಿ ಹುಡುಗಿ, ಅಪ್ಪ ಸ್ಕೂಲ್ ಮೇಷ್ಟ್ರು. ಪಿಎಚ್‌ಡಿ ಮಾಡಲು ಶಾರದಾ ಮೇಡಂ ಹತ್ತಿರ ಸೇರಿಕೊಂಡಿದ್ದಳು. ಮಿಕ್ಕ ಹುಡುಗರು ಬಂದರೆ “ಕೇಜ್ ರೆಡಿನಾ?” ಅಂತ ಕೇಳಿ ಹೋಗುತ್ತಿದ್ದರು. ಇವಳು ಸ್ಟೂಲು ಎಳೆದುಕೊಂಡು ಕೂತುಬಿಡುತ್ತಿದ್ದಳು. ತಾನು ಏನು ಮಾಡುತ್ತಿದ್ದೇನೆ ಅಂತ ನನಗೆ ಹೇಳದಿದ್ದರೆ ಅವಳಿಗೆ ತಿಂದದ್ದು ಅರಗುತ್ತಿರಲಿಲ್ಲ.

ಅವಳ ಕೆಲಸವೂ ಅರಗುವುದರ ಬಗ್ಗೆಯೇ. ಒಂದು ದಿನ ಮೇಲೆ ಕರೆದುಕೊಂಡು ಹೋಗಿ ಒಂದು ಗಾಜಿನ ತಟ್ಟೆ ತೋರಿಸಿದಳು. ಬೆಚ್ಚಗಿನ ಉಪ್ಪುನೀರು, ಅದರಲ್ಲಿ ಗುಳ್ಳೆ ಗುಳ್ಳೆಯಾಗಿ ಗಾಳಿ, ನಡುವೆ ಬೆರಳುದ್ದದ ಇಲಿ ಕರುಳು. ಅದು ಅಲೆಯಂತೆ ಹಿಂಡಿಕೊಳ್ಳುತ್ತಿತ್ತು, ಸಡಿಲವಾಗುತ್ತಿತ್ತು, ಮತ್ತೆ ಹಿಂಡಿಕೊಳ್ಳುತ್ತಿತ್ತು. ಒಂದೇ ಸಮನೆ.

“ಇಲಿ ಸತ್ತಿದೆ ಅಲ್ವೇನಮ್ಮ?” ಅಂದೆ.

“ಬೆಳಿಗ್ಗೆನೇ.”

“ಹಾಗಾದ್ರೆ ಕರುಳಿಗಿನ್ನೂ ಸುದ್ದಿ ಮುಟ್ಟಿಲ್ಲ ಬಿಡು.”

ಅವಳು ನಕ್ಕಳು. “ಮೆದುಳು ಹೇಳಿದ್ದಕ್ಕಲ್ಲ ರತ್ನಮ್ಮ ಇದು ಆಡೋದು. ಕರುಳಿನ ಗೋಡೇಲೇ ತಾಳ ಹಾಕೋ ಕೋಶಗಳಿವೆ. ಬಲೆ ಥರ ಕೈ ಕೈ ಹಿಡ್ಕೊಂಡು ಕೂತಿರ್ತವೆ. ಅವು ತಾಳ ಹಾಕ್ತವೆ, ಮಾಂಸ ಕುಣಿಯುತ್ತೆ.”

“ಅವು ಇಲ್ದಿದ್ರೆ?”

“ಮಾಂಸ ಸುಮ್ನಿರಲ್ಲ. ಆದ್ರೆ ಒಂದು ಕಡೆ ಹಿಂಡುತ್ತೆ, ಇನ್ನೊಂದು ಕಡೆ ಬಿಡುತ್ತೆ. ತಿಂದಿದ್ದು ಮುಂದಕ್ಕೆ ಹೋಗಲ್ಲ.”

ಇದು ನನಗೆ ತಟ್ಟನೆ ಅರ್ಥವಾಯಿತು. ಚಾಮರಾಜಪೇಟೆಯ ನಮ್ಮ ಬೀದಿಯ ಭಜನೆಯಲ್ಲಿ ತಾಳ ಹಾಕುವ ಮುದುಕ ಬಾರದ ದಿನ ಹಾಡುವವರು ಹಾಡು ನಿಲ್ಲಿಸುವುದಿಲ್ಲ. ಒಬ್ಬೊಬ್ಬರು ಒಂದೊಂದು ಕಡೆಗೆ ಎಳೆಯುತ್ತಾರೆ, ಹಾಡು ಮಾತ್ರ ಇದ್ದಲ್ಲೇ ಇರುತ್ತದೆ.

ಆ ಕೋಶಗಳು ಹೇಗೆ ತಯಾರಾಗುತ್ತವೆ ಅನ್ನುವುದೇ ಅವಳ ವಿಷಯ. “ಹುಟ್ಟೋಕ್ ಮುಂಚೆ ಎಲ್ಲಾ ಒಂದೇ ಥರ ಇರ್ತವೆ,” ಅಂದಳು. “ಮಾಂಸ ಆಗೋದೂ ಅವೇ, ತಾಳ ಹಾಕೋರಾಗೋದೂ ಅವೇ. ಪಕ್ಕದ ಕೋಶಗಳು ಒಂದು ಸುದ್ದಿ ಕಳಿಸ್ತವೆ. ಆ ಸುದ್ದಿ ಹಿಡಿಯೋಕೆ ಮೈಮೇಲೊಂದು ಕಿವಿ ಬೇಕು. ಆ ಕಿವಿ ಇದ್ದು ಕೇಳಿಸ್ಕೊಂಡೋರು ತಾಳ ಹಾಕೋರಾಗ್ತಾರೆ.”

“ಕೇಳಿಸ್ಕೊಳ್ದೋರು?”

“ಮಾಂಸ ಆಗ್ತಾರೆ.”

“ನಮ್ಮನೆಯವರ ಥರ,” ಅಂದೆ.

“ಅಷ್ಟೇ ಅಲ್ಲ. ಒಂದ್ಸಲ ಕೇಳಿಸ್ಕೊಂಡ್ರೆ ಸಾಲದು. ಹುಟ್ಟಿದ ಮೇಲೂ ದಿನಾ ಸುದ್ದಿ ಬರ್ತಾ ಇರ್ಬೇಕು. ನಿಂತ್ರೆ ತಾಳ ಮರ್ತುಬಿಡ್ತವೆ.”

ಅವಳು ಹುಟ್ಟಿದ ಮರಿಗಳಿಗೆ ಮೊದಲ ವಾರ ದಿನ ಬಿಟ್ಟು ದಿನ ಒಂದು ಇಂಜೆಕ್ಷನ್ ಕೊಡುತ್ತಿದ್ದಳು. ಅದು ಆ ಕಿವಿಯನ್ನು ಮುಚ್ಚುವ ಔಷಧ. ವಾರವಾದ ಮೇಲೆ ನಿಲ್ಲಿಸಿ ಕಾಯುತ್ತಿದ್ದಳು.

“ಕಿವಿ ಮುಚ್ಚಿ ಆಮೇಲೆ ತೆಗೆದ್ರೆ ಮತ್ತೆ ಕಲೀತವಾ?” ಅಂತ ಕೇಳಿದೆ.

ಅವಳು ಸ್ಟೂಲಿನಿಂದ ಎದ್ದೇಬಿಟ್ಟಳು. “ಅದೇ ರತ್ನಮ್ಮ, ಅದೇ ನನ್ನ ಥೀಸಿಸ್ಸು!”

ಒಂದು ಕೇಜಿನ ಎಂಟು ಮರಿಗೂ ಇಂಜೆಕ್ಷನ್, ಹೋಲಿಸಿ ನೋಡಲು ಪಕ್ಕದ ಕೇಜಿನ ಎಂಟಕ್ಕೆ ಬರೀ ಉಪ್ಪುನೀರು. ಅಷ್ಟು ಚಿಕ್ಕ ಮರಿಗೆ ಕಿವಿಯಲ್ಲಿ ಗುರುತು ಹಾಕಲು ಆಗುವುದಿಲ್ಲ. ಬಣ್ಣ ಹಚ್ಚಿದರೆ ತಾಯಿ ನೆಕ್ಕಿಹಾಕುತ್ತದೆ. ಕೇಜಿಗೆ ಕೇಜೇ ಗುರುತು. ಇಂಜೆಕ್ಷನ್ ಮುಗಿದ ಮೇಲೆ ತಾಯಿಗೆ ತೊಂದರೆಯಾಗಬಾರದು ಅಂತ ಅವಳು ಬಂದು ಮುಟ್ಟುತ್ತಿರಲಿಲ್ಲ. ದಿನಾ ಬೆಳಿಗ್ಗೆ ನೋಡುತ್ತಿದ್ದವಳು ನಾನೊಬ್ಬಳೇ.

ಹತ್ತನೇ ದಿನದ ಹೊತ್ತಿಗೆ ಇಂಜೆಕ್ಷನ್ ಕೇಜಿನ ಮರಿಗಳ ಹೊಟ್ಟೆ ಉಬ್ಬತೊಡಗಿತು. ಹಾಲು ಕುಡಿಯುತ್ತಿದ್ದವು, ಹಾಲು ಅಲ್ಲೇ ನಿಲ್ಲುತ್ತಿತ್ತು. ಹನ್ನೆರಡನೇ ದಿನ ಎರಡು ಸತ್ತಿದ್ದವು. ಹದಿನೈದಕ್ಕೆ ಇನ್ನೆರಡು. ಕಾರ್ಡಲ್ಲಿ ಎಂಟು ಅಂತ ಚೈತ್ರಾಳ ಅಕ್ಷರ. ನಾನು ನೋಡಿಕೊಂಡದ್ದರಲ್ಲೇ ಏನೋ ತಪ್ಪಾಗಿದೆ ಅಂತ ತಿಳಿದೆ. ಮೆಟ್ಟಿಲು ಹತ್ತಲಿಲ್ಲ. ಪ್ರಯೋಗಕ್ಕೆ ಸೇರದ ಕೇಜೊಂದರಿಂದ ಅಷ್ಟೇ ದಿನದ ನಾಲ್ಕು ಮರಿ ತಂದೆ. ಹೊಟ್ಟಿನಲ್ಲಿ ಹೊರಳಿಸಿದೆ, ಇಟ್ಟೆ. ಎಂಟಾಯಿತು.

ತಿಂಗಳಾದ ಮೇಲೆ ಚೈತ್ರಾ ಆ ಎಂಟರ ಕರುಳನ್ನು ನೋಡಿದಳು. ನಾಲ್ಕರಲ್ಲಿ ಬಲೆ ಹರಿದುಹೋಗಿತ್ತು. ನಾಲ್ಕರಲ್ಲಿ ಪೂರ್ತಿ ಇತ್ತು, ತಾಳ ಸರಿಯಾಗಿತ್ತು. ಅವಳಿಗೆ ಕಂಡದ್ದು ಇದು: ಎಂಟೂ ಕಿವಿ ಮುಚ್ಚಿಸಿಕೊಂಡವು, ನಾಲ್ಕು ಮತ್ತೆ ಕಲಿತವು.

ಶಾರದಾ ಮೇಡಂ ನಂಬಲಿಲ್ಲ. “ಇನ್ನೊಂದ್ಸಲ ಮಾಡು,” ಅಂದರು. ಮಾಡಿದಳು. ಅದೇ ಬಂತು. “ಇನ್ನೊಂದು,” ಅಂದರು. ಮೂರನೇ ಸಲವೂ ಅದೇ. ಮೂರು ಸಲ ಮಾಡಿ ಮೂರು ಸಲವೂ ಒಂದೇ ಉತ್ತರ ಬಂದರೆ ನಿಜ ಅನ್ನುತ್ತಾರೆ. ಮೂರು ಸಲವೂ ಕೇಜು ತುಂಬಿಸಿದವಳು ಒಬ್ಬಳೇ ಆಗಿದ್ದರೆ ಏನನ್ನುತ್ತಾರೋ ಗೊತ್ತಿಲ್ಲ.

ಇಷ್ಟಾಗುವಾಗ ಒಂದೂವರೆ ವರ್ಷ ಕಳೆದಿತ್ತು. ನನಗೆ ಈ ಯಾವ ವಿಷಯವೂ ತಿಳಿದಿರಲಿಲ್ಲ. ಉತ್ತರ ಗಟ್ಟಿಯಾಗುವವರೆಗೆ ಹೊರಗೆ ಹೇಳಬಾರದು ಅಂತ ಮೇಡಂ ಅವಳ ಬಾಯಿ ಕಟ್ಟಿದ್ದರು. ಒಂದು ದಿನ ಮಧ್ಯಾಹ್ನ ಓಡಿಬಂದು ನನ್ನ ಕೈಹಿಡಿದು ಮೇಲೆ ಎಳೆದುಕೊಂಡು ಹೋದಳು. ಮೈಕ್ರೋಸ್ಕೋಪಿನಲ್ಲಿ ಬಗ್ಗಿ ನೋಡಿದೆ. ಕಪ್ಪಿನ ಮೇಲೆ ಹಸಿರು ಎಳೆ, ಎಳೆಗೆ ಎಳೆ ಸೇರಿ ಜಾಲರಿ. ಚೆನ್ನಾಗಿತ್ತು.

“ಇದು ಇಂಜೆಕ್ಷನ್ ತಗೊಂಡ ಮರಿ,” ಅಂದಳು. “ವಾಪಸ್ ಬಂದಿದೆ ರತ್ನಮ್ಮ! ಥೀಸಿಸ್ಸಿನ ಮುಖ್ಯ ಚಾಪ್ಟರ್ ಇದೇ. ಧನ್ಯವಾದ ಹೇಳೋ ಪುಟದಲ್ಲಿ ನಿಮ್ಮ ಹೆಸರು ಹಾಕಿದೀನಿ. ಬೇರೆಯವರ ಲ್ಯಾಬಲ್ಲಿ ಇಂಥ ಮರಿಗಳು ತಿಂಗಳು ಬದುಕೋದೇ ಕಷ್ಟವಂತೆ. ನಮ್ಮಲ್ಲಿ ಎಂಟಕ್ಕೆ ಎಂಟೂ ಬದುಕ್ತವೆ. ನೀವು ನೋಡ್ಕೊಳ್ಳೋದು ಹಂಗೆ.”

ನಾನು ಮತ್ತೆ ಬಗ್ಗಿ ನೋಡಿದೆ. ಅವಳ ಮುಖ ನೋಡಬಾರದು ಅಂತಲೇ ಬಗ್ಗಿದ್ದು. “ಇದು ಎಷ್ಟನೇ ಕೇಜಿಂದು?” ಅಂತ ಕೇಳಿದೆ. ಹೇಳಿದಳು. ನಾನು ಮರಿ ತುಂಬಿಸಿದ್ದ ಕೇಜೇ ಅದು.

ಎರಡು ವಾರ ಸುಮ್ಮನಿದ್ದೆ. ಹೆದರಿಕೆಯಿಂದಲ್ಲ ಅಂತ ಬರೆದರೆ ಸುಳ್ಳು. ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಆ ಹುಡುಗಿ ಸ್ಟೂಲು ಎಳೆದುಕೊಂಡು ಕೂರುವುದು ನಿಲ್ಲುತ್ತದೆ ಅನ್ನುವುದು ಇತ್ತು. ಮನಸ್ಸಿಗೆ ಸಮಾಧಾನ ಹೇಳಿಕೊಂಡೆ: ಇಲಿ ಕರುಳು ತಾನೇ, ಓದುವವರು ಯಾರು, ಹುಡುಗಿ ಪಾಸಾಗಲಿ, ಮದುವೆ ಗಿದುವೆ ಆಗಿ ಎಲ್ಲಾದರೂ ಸುಖವಾಗಿರಲಿ. ಇಂಥ ಸಮಾಧಾನ ನೂರು ಸಿಗುತ್ತವೆ.

ಆಮೇಲೆ ಒಬ್ಬರು ಡಾಕ್ಟರು ಬಂದರು. ಮಕ್ಕಳಿಗೆ ಆಪರೇಷನ್ ಮಾಡುವವರು. ಹುಟ್ಟಿದ ಕೆಲವು ಕೂಸುಗಳಿಗೆ ಹೊಟ್ಟೆ ಉಬ್ಬಿ ಕರುಳು ಮುಂದಕ್ಕೆ ತಳ್ಳುವುದೇ ಇಲ್ಲವಂತೆ. ಅಂಥ ಕೆಲವು ಕೂಸುಗಳ ಕರುಳಿನ ತುಂಡಿನಲ್ಲೂ ಈ ತಾಳದ ಕೋಶಗಳು ಕಮ್ಮಿ ಕಂಡಿವೆಯಂತೆ. ಚೈತ್ರಾಳ ಕೆಲಸ ಕೇಳಿ ನೋಡಲು ಬಂದಿದ್ದರು. ಕೇಜುಗಳನ್ನು ತೋರಿಸಲು ನಾನು ಪಕ್ಕದಲ್ಲೇ ನಿಂತಿದ್ದೆ.

“ಅಂದ್ರೆ ತಾನಾಗೇ ವಾಪಸ್ ಬರೋ ಚಾನ್ಸ್ ಇದೆ,” ಅಂದರು ಅವರು. “ಕೆಲವು ಕೇಸಲ್ಲಿ ಕತ್ತರಿಸದೆ ಕಾಯ್ಬಹುದು ಅನ್ಸುತ್ತೆ.”

ಮೇಡಂ ತಕ್ಷಣ, “ಇಲಿ ಬೇರೆ, ಮಗು ಬೇರೆ ಡಾಕ್ಟ್ರೇ. ಅಷ್ಟು ದೂರ ಹೋಗೋದು ಬೇಡ,” ಅಂದರು. ಡಾಕ್ಟರು ತಲೆಯಾಡಿಸಿದರು. ಆದರೆ ಆ ‘ಕಾಯ್ಬಹುದು’ ಅನ್ನುವ ಮಾತು ಅವರ ತಲೆಯೊಳಗೆ ಹೋಗಿಯಾಗಿತ್ತು. ನನಗೆ ಹಾಲು ಮುಂದಕ್ಕೆ ಹೋಗದೆ ಗಟ್ಟಿಯಾಗಿದ್ದ ಆ ಮರಿಗಳ ಹೊಟ್ಟೆ ಬೆರಳಿಗೆ ಸಿಕ್ಕಂತಾಯಿತು. ಕಾದರೆ ಏನಾಗುತ್ತದೆ ಅಂತ ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಕಾದರೆ ಹನ್ನೆರಡನೇ ದಿನ ಸಾಯುತ್ತವೆ.

ಆಮೇಲೆ ಏನೇನಾಯಿತು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಡೆಯಲ್ಲಿ ಹೇಳಬೇಕಾದದ್ದು ಬೇರೆ ಇದೆ. ಪ್ರಯೋಗವನ್ನು ಮತ್ತೆ ಮಾಡಿದರು, ಈ ಸಲ ಬಿಳಿ ಇಲಿ ಬಿಟ್ಟು ಕಪ್ಪು ಇಲಿಯಲ್ಲಿ. ಕರುಳಿಗೆ ತಾಳ ಕಲಿಸುವ ಅದೇ ಸುದ್ದಿ ಕೂದಲಿಗೆ ಬಣ್ಣ ಕೊಡುವ ಕೋಶಗಳಿಗೂ ಬೇಕಂತೆ. ಇಂಜೆಕ್ಷನ್ ತಗೊಂಡ ಕಪ್ಪು ಮರಿಗೆ ಕೂದಲು ಬೆಳ್ಳಗೆ ಬಂತು. ಅದರ ಮಧ್ಯೆ ಯಾರಾದರೂ ಬೇರೆ ಮರಿ ಇಟ್ಟರೆ ಕರ್ರಗೆ ಎದ್ದು ಕಾಣುತ್ತದೆ. ಮೊದಲೇ ಹೀಗೆ ಮಾಡಿದ್ದರೆ ನನ್ನ ಕಳ್ಳತನ ಹದಿನೈದು ದಿನದಲ್ಲಿ ಸಿಕ್ಕಿಬೀಳುತ್ತಿತ್ತು. ತಾಳ ಯಾವ ಮರಿಗೂ ಮರಳಲಿಲ್ಲ. ಯಾವ ಮರಿ ಯಾವ ದಿನ ಸತ್ತಿತು, ಆ ದಿನ ಅದರ ಕರುಳಿನಲ್ಲಿ ಬಲೆ ಎಷ್ಟು ಉಳಿದಿತ್ತು ಅನ್ನುವುದೇ ಚೈತ್ರಾಳ ಚಾಪ್ಟರ್ ಆಯಿತು. ನಾನು ನಾಚಿಕೆಪಟ್ಟು ಎತ್ತಿ ಬಿಸಾಡಿದ ಸತ್ತ ಮರಿಗಳೇ ಅವಳಿಗೆ ಬೇಕಿದ್ದ ಉತ್ತರವಾಗಿದ್ದವು. ಅವಳು ಎರಡು ವರ್ಷ ತಡವಾಗಿ ಪಾಸಾದಳು. ಥೀಸಿಸ್ಸಿನಲ್ಲಿ ನನ್ನ ಹೆಸರಿಲ್ಲ. ಸರಿಯಾಗಿಯೇ ಇದೆ. ನನಗೆ ಆರು ತಿಂಗಳು ಕೇಜು ಮುಟ್ಟಬಾರದು ಅಂದರು, ಬಾಟ್ಲಿ ತೊಳೆದೆ.

ಇನ್ನು ಆ ದಿನ. ಡಾಕ್ಟರು ಹೋದ ಮೇಲೆ ಮೇಡಂ ರೂಮಿಗೆ ಹೋದೆ. ಚೈತ್ರಾ ಅಲ್ಲೇ ಇದ್ದಳು. ಕೂರಿ ಅಂದರು, ಕೂರಲಿಲ್ಲ. ನಿಂತುಕೊಂಡೇ ಹೇಳಿದೆ. ಹೇಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಚೈತ್ರಾ ಮೊದಲು ನಕ್ಕಳು. “ಸುಮ್ನಿರಿ ರತ್ನಮ್ಮ, ಹೆದರಿಸ್ಬೇಡಿ,” ಅಂದಳು. ಆಮೇಲೆ ನನ್ನ ಮುಖ ನೋಡಿದಳು.

“ಮೂರು ಸಲಾನೂ?”

“ಮೂರು ಸಲಾನೂ.”

“ಯಾವ ಮರಿ ಅಂತ ಗೊತ್ತಾ?”

“ಈಗ ಹೇಗೆ ಗೊತ್ತಾಗುತ್ತೆ? ಎಲ್ಲಾ ಬಿಳೀದೇ.”

“ಒಂದು ಮಾತು ಹೇಳೋಕೆ ಏನಾಗಿತ್ತು ನಿಮ್ಗೆ?” ಅವಳ ದನಿ ಏರಿತು. “ಸತ್ತಿದೆ ಅಂತ ಒಂದು ಚೀಟಿ ಬರೆದಿಟ್ಟಿದ್ರೆ ಸಾಕಿತ್ತು! ಮರಿ ಸತ್ರೆ ನಾನ್ಯಾವತ್ತಾದ್ರೂ ನಿಮ್ಮನ್ನ ಬೈದಿದ್ದೀನಾ?”

ಬೈದಿರಲಿಲ್ಲ. ಬೈದವರು ಬೇರೆಯವರು, ಅವಳು ಸೇರುವುದಕ್ಕೂ ಮುಂಚೆ. ಅದನ್ನು ಹೇಳಿದರೆ ನೆಪವಾಗುತ್ತಿತ್ತು. ಅವಳು ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಹೋದಳು. ಬಾಗಿಲು ಧಡಾರೆಂದು ಬಡಿಯಲಿಲ್ಲ. ಬಡಿದಿದ್ದರೆ ಚೆನ್ನಾಗಿತ್ತು.

ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ಕೇಳಿದರು. “ರತ್ನಮ್ಮ, ಸರಿಯಾಗಿ ಯೋಚ್ನೆ ಮಾಡಿ ಹೇಳಿ. ಚೈತ್ರಾಳ ಕೇಜು ಮಾತ್ರಾನಾ? ಬೇರೆ ಯಾರ ಪ್ರಯೋಗದ ಕೇಜಲ್ಲಾದ್ರೂ ಹೀಗೆ ಮಾಡಿದೀರಾ?”

“ಇಲ್ಲ ಮೇಡಂ. ಇವಳದೊಂದೇ.”

ಅದು ಸುಳ್ಳು. ನಿಜ ಹೇಳಲು ಅಂತಲೇ ಹೋದವಳು ಅಲ್ಲೇ ನಿಂತು ಇನ್ನೊಂದು ಸುಳ್ಳು ಹೇಳಿದೆ. ಯಾಕೆ ಅಂತ ಈಗಲೂ ಸರಿಯಾಗಿ ಹೇಳಲಾರೆ. ಒಂದು ಸಲಕ್ಕೆ ಒಬ್ಬರ ಹತ್ತಿರ ಇರುವುದು ಇಷ್ಟೇ ಧೈರ್ಯ ಅನ್ನಿಸುತ್ತದೆ. ಅದು ಚೈತ್ರಾಳಿಗೇ ಖರ್ಚಾಗಿಹೋಗಿತ್ತು. ಮೇಡಂ ನಂಬಿದರು. ನಂಬಿ, “ಒಳ್ಳೇದು, ಅಷ್ಟಾದ್ರೂ ಉಳೀತು,” ಅಂದರು. ಆ ಮಾತನ್ನು ಹೊತ್ತುಕೊಂಡು ಮನೆಗೆ ನಡೆದೆ.

ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರಿಗೆ ಒಂದೇ ಮಾತು. ಮರಿ ಸತ್ತರೆ ಸತ್ತಿದೆ ಅಂತ ಬರೆಯಿರಿ. ಬೈಯುತ್ತಾರೆ. ಬೈಸಿಕೊಳ್ಳಿ. ಬೈಗುಳಕ್ಕೆ ಹೆದರಿ ನೀವು ತುಂಬಿಸಿದ ಜಾಗದಲ್ಲಿ ಇನ್ನೊಬ್ಬರು ಕಾಲಿಟ್ಟು ಬೀಳುತ್ತಾರೆ. ಮೇಲಿನವರಿಗೂ ಒಂದು ಮಾತು: ಸತ್ತ ಸುದ್ದಿ ತಂದವಳನ್ನು ಬೈದರೆ, ಮುಂದೆ ನಿಮಗೆ ಬರೀ ಬದುಕಿರುವ ಸುದ್ದಿಯೇ ಬರುತ್ತದೆ.

ಮೇಡಂಗೆ ಆ ಸುಳ್ಳು ಹೇಳಿದ ಮರುದಿನ ಬೆಳಿಗ್ಗೆ ಎಂದಿನಂತೆ ಏಳಕ್ಕೆ ಹೋದೆ. ನೀರು ತುಂಬಿಸಿದೆ, ಹಾಲಿನ ಮಚ್ಚೆ ನೋಡಿದೆ. ಎಂಟೂವರೆಗೆ ನೀಲಿ ಬಟ್ಟೆ ಬಿಚ್ಚಿಟ್ಟು, ಕೈ ತೊಳೆದು, ಮೂರನೇ ಮಹಡಿಗೆ ಹತ್ತಿದೆ. ಅಲ್ಲಿ ಒಬ್ಬ ಸಾರ್ ಇದ್ದರು, ಇಲಿಯ ಲಿವರ್ ಮೇಲೆ ಕೆಲಸ ಮಾಡುತ್ತಿದ್ದವರು. ಅವರ ಕೆಲಸ ಆಗಲೇ ಅಚ್ಚಾಗಿತ್ತು. ಅಚ್ಚಾದ ಪುಟಕ್ಕೆ ಗಾಜು ಹಾಕಿಸಿ ಬಾಗಿಲ ಪಕ್ಕದಲ್ಲೇ ನೇತುಹಾಕಿದ್ದರು. ಬಾಗಿಲು ತಟ್ಟಿದೆ. ತಲೆಯೆತ್ತಿ ನೋಡಿದರು.

“ಏನು ರತ್ನಮ್ಮ, ಕೆಳಗೆ ನೀರು ಬರ್ತಿಲ್ವಾ?”

“ನೀರು ಬರ್ತಿದೆ ಸಾರ್. ನಿಮ್ಮ ಹದಿನಾಲ್ಕನೇ ಕೇಜಿನ ಬಗ್ಗೆ ಹೇಳ್ಬೇಕು,” ಅಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.